ಸಂಘದ ದಫ್ತರ ತೆರೆದು ನೋಡಿ

ದಾವಣಗೆರೆಯ ಯಾವ ಪತ್ರಿಕೆಯ ಸ್ಥಳೀಯ ಪುಟ ತೆರೆದರೂ ಆಗಾಗ ಒಂದು ಫೋಟೊ ಸಿಕ್ಕೇ ಸಿಗುತ್ತದೆ. ಆಸ್ಪತ್ರೆಯ ಮಂಚದ ಸುತ್ತ ಎಂಟು-ಹತ್ತು ಮಂದಿ, ನಡುವೆ ಒಬ್ಬ ರೋಗಿ, ಅವನ ಕೈಗೆ ಇನ್ನೂ ಪೂರ್ತಿ ತಲುಪದ ಒಂದು ಸೇಬು. ಕೆಳಗೆ ‘ಹಾಲು, ಬ್ರೆಡ್, ಹಣ್ಣು-ಹಂಪಲು ವಿತರಣೆ’ ಎಂಬ ಸಾಲು. ಆಮೇಲೆ ಅಧ್ಯಕ್ಷರಿಂದ ಹಿಡಿದು ಸಹ ಕಾರ್ಯದರ್ಶಿಯವರೆಗೆ ಹೆಸರುಗಳ ಮೆರವಣಿಗೆ. ಸೇಬು ತೆಗೆದುಕೊಂಡವನ ಹೆಸರು ಮಾತ್ರ ಇರುವುದಿಲ್ಲ. ಗೇಲಿ ಮಾಡಲು ಹೇಳುತ್ತಿಲ್ಲ. ಹಸಿದವನಿಗೆ ಯಾರು ಕೊಟ್ಟರೂ ಬ್ರೆಡ್ ಬ್ರೆಡ್ಡೇ. ಆದರೆ ಅದೇ ರೋಗಿ ನಾಳೆ ಬಿಡುಗಡೆಯಾಗುವಾಗ ಬಿಲ್ ಹೇಗೆ ಕಟ್ಟುತ್ತಾನೆ, ಊರಿಗೆ ಹೋದಮೇಲೆ ಮಾತ್ರೆ ಎಲ್ಲಿ ಸಿಗುತ್ತದೆ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಯಾವ ಬಾಗಿಲು ಬಡಿಯಬೇಕು ಎಂದು ಕೇಳಿ ಬರೆದುಕೊಳ್ಳುವ ಸಂಘಗಳೂ ಇದೇ ಊರಲ್ಲಿವೆ. ಅವುಗಳ ಫೋಟೊ ಪತ್ರಿಕೆಯಲ್ಲಿ ಬರುವುದು ಅಪರೂಪ.

ಈ ಲೇಖನ ಮೂರು ಬಗೆಯ ಓದುಗರಿಗಾಗಿ. ಕಷ್ಟ ಬಂದಾಗ ಸಂಘವೊಂದರ ನೆರವು ಬೇಕಾದವರು, ಸಂಘಕ್ಕೆ ದುಡ್ಡು ಕೊಡಬೇಕೆಂದಿರುವವರು, ತಾವೇ ಒಂದು ಸಂಘ ಕಟ್ಟಬೇಕೆಂದು ಹೊರಟವರು. ಮೂವರೂ ನೋಡಬೇಕಾದದ್ದು ಒಂದೇ, ಸಂಘದ ದಫ್ತರ.

ದಾನದ ಊರು

ಸಂಘ ಕಟ್ಟುವುದು ಈ ಊರಿಗೆ ಹೊಸತಲ್ಲ. 1913ರಲ್ಲಿ ಹರ್ಡೇಕರ್ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಆರಂಭಿಸಿದ್ದು ದಾವಣಗೆರೆಯ ವಿರಕ್ತಮಠದಲ್ಲಿ. ಹತ್ತಿ, ಜವಳಿಯ ವ್ಯಾಪಾರದಲ್ಲಿ ದುಡ್ಡು ಕಂಡ ಮನೆತನಗಳು ಛತ್ರ, ಶಾಲೆ, ಆಸ್ಪತ್ರೆಗಳಿಗೆ ಕೈ ಬಿಚ್ಚಿದವು. ಅದಕ್ಕೇ ಇಲ್ಲಿನ ವಿಳಾಸಗಳಲ್ಲೆಲ್ಲ ದಾನಿಗಳ ಹೆಸರು. ಜಿಲ್ಲಾಸ್ಪತ್ರೆಗೆ ಚಿಗಟೇರಿ ಹೆಸರು, ಧರ್ಮಛತ್ರಕ್ಕೆ ರಾಜನಹಳ್ಳಿ ಹನುಮಂತಪ್ಪನವರ ಹೆಸರು, ಮಹಿಳಾ ಕಾಲೇಜಿಗೆ ಎ.ವಿ. ಕಮಲಮ್ಮನವರ ಹೆಸರು. ಡಿಆರ್‌ಎಂ ಕಾಲೇಜಿನ ಅಕ್ಷರಗಳ ನಡುವೆಯೂ ರಾಜನಹಳ್ಳಿಯೇ ಕೂತಿದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರ ಹೊತ್ತಿಗೆ ಜೆಜೆಎಂ ವೈದ್ಯಕೀಯ ಕಾಲೇಜನ್ನೇ ತೆರೆಯಿತು.

ದೊಡ್ಡ ದಾನದ ಈ ಸಾಲಿನ ಪಕ್ಕದಲ್ಲೇ ಕೈ-ಕಾಲು ಸವೆಸಿ ದುಡಿಯುವ ಸಂಸ್ಥೆಗಳ ಸಾಲೂ ಇದೆ. ನಾಗಮ್ಮ ಕೇಶವಮೂರ್ತಿಯವರ ಹೆಸರಿನೊಂದಿಗೆ ಬೆಸೆದುಕೊಂಡ ವನಿತಾ ಸಮಾಜ, ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಡಾನ್ ಬಾಸ್ಕೋ, ಕಿವುಡ ಮಕ್ಕಳ ಮೌನೇಶ್ವರಿ ಶಾಲೆ, ರೆಡ್‌ಕ್ರಾಸ್‌ನ ಜಿಲ್ಲಾ ಶಾಖೆ, ಇವೆಲ್ಲ ಊರಿನವರಿಗೆ ಗೊತ್ತಿರುವ ಹೆಸರುಗಳು. ಬೀದಿಗೊಂದು ಬಡಾವಣೆಗೊಂದು ಎನ್ನುವ ಹಾಗೆ ಹುಟ್ಟಿಕೊಂಡಿರುವ ‘ಕ್ಷೇಮಾಭಿವೃದ್ಧಿ ಸಂಘ’ಗಳ ಲೆಕ್ಕ ಬೇರೆ.

ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದ ಕಥೆ ಬೇರೆ ಬಗೆಯದು. ಅಲ್ಲಿ ಬದುಕು ಕಟ್ಟಿಕೊಟ್ಟದ್ದು ಕಾರ್ಖಾನೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇಥ್ ಯಂತ್ರಗಳು ದೇಶದ ಕಾರ್ಖಾನೆಗಳಿಗೆಲ್ಲ ಹೋದವು. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಸಂಬಳದ ಜೊತೆಗೆ ವಸತಿ, ಔಷಧಿ, ಮಕ್ಕಳ ಶಾಲೆ ಎಲ್ಲದರ ಆಸರೆಯೂ ತಪ್ಪಿತು. ದಾವಣಗೆರೆಯ ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತಾಗ ಆದದ್ದೂ ಇದೇ. ಇವತ್ತು ಎರಡೂ ಊರುಗಳಲ್ಲಿ ಸಂಘದ ನೆರವು ಹೆಚ್ಚು ಬೇಕಿರುವುದು ಆ ಕಾರ್ಮಿಕರ ಮುಪ್ಪಿಗೆ, ಬೀಡಿ ಕಟ್ಟುವ ಹೆಂಗಸರಿಗೆ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರಿಗೆ, ಕಟ್ಟಡದ ಕೂಲಿಗಳಿಗೆ.

ಜಾತಿ ಸಮಾಜಗಳ ಸಂಘಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವುಗಳ ಉಚಿತ ಹಾಸ್ಟೆಲ್‌ಗಳಿಲ್ಲದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳು ಹೈಸ್ಕೂಲಿನ ಮುಖ ನೋಡುತ್ತಿರಲಿಲ್ಲ, ನಿಜ. ಆದರೆ ಊರಲ್ಲಿ ತನ್ನ ಸಮಾಜದ ಸಂಘವೇ ಇಲ್ಲದ ವಿಧವೆ ಯಾರ ಕಟ್ಟೆಯ ಮೇಲೆ ಹೋಗಿ ಕೂರಬೇಕು? ಎಲ್ಲರಿಗೂ ಬಾಗಿಲು ತೆರೆದ ಸಂಘಗಳ ಅಗತ್ಯ ಅಲ್ಲಿಂದಲೇ ಶುರುವಾಗುತ್ತದೆ.

ನಿಂತ ಪಿಂಚಣಿ

ಸಮಾಜಸೇವೆ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಕಂಬಳಿ ಹಂಚುವುದು, ನೋಟ್‌ಬುಕ್ ಹಂಚುವುದು. ಈಗಿನ ಕಾಲದಲ್ಲಿ ಬಡವರ ಕೈಗೆ ಸೇರಬೇಕಾದ ಹಣದ ದೊಡ್ಡ ಪಾಲು ಸರ್ಕಾರದ ಯೋಜನೆಗಳಲ್ಲಿದೆ. ಅದು ಬಂದು ಸೇರದಿರಲು ಕಾರಣ ಹಲವು ಸಲ ಒಂದು ಕಾಗದ, ಒಂದು ಬೆರಳಚ್ಚು, ಒಂದು ತಪ್ಪಾದ ಅಕ್ಷರ. ಐದು ಸಾವಿರದ ಕಂಬಳಿ ಹಂಚುವ ಬದಲು ಅದೇ ಐದು ಸಾವಿರದಲ್ಲಿ ಒಬ್ಬ ಹುಡುಗನಿಗೆ ಓಡಾಟದ ಖರ್ಚು ಕೊಟ್ಟು ನಾಡಕಚೇರಿ, ಬ್ಯಾಂಕು, ಅಂಚೆ ಕಚೇರಿ ಸುತ್ತಿಸಿದರೆ ಆಗುವ ಕೆಲಸ ಎಷ್ಟೋ ಪಾಲು ಹೆಚ್ಚು ಎಂಬುದು ನನ್ನ ಲೆಕ್ಕ.

ಇಂಥ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಮೇಜು, ಮೇಜಿನ ಹಿಂದೆ ಸಂಘದ ಹುಡುಗ, ಎದುರಿಗೆ ಎಪ್ಪತ್ತು ದಾಟಿದ ಅಜ್ಜಿ.

“ಅಜ್ಜೀ, ಪಾಸ್‌ಬುಕ್ ತಂದೀರೇನು?”

“ತಂದೀನಪ್ಪಾ. ನಾಕು ತಿಂಗ್ಳಾತು, ರೊಕ್ಕನಾ ಬಂದಿಲ್ಲ. ಮೇಲಿನೋರು ನಿಲ್ಸಿಬಿಟ್ಟಾರಂತ ಮಗ ಹೇಳ್ತಾನ.”

ಹುಡುಗ ಪಾಸ್‌ಬುಕ್ ನೋಡುತ್ತಾನೆ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ತಪ್ಪದೆ ಬರುತ್ತಿದ್ದದ್ದು ಒಂದು ತಿಂಗಳಿಗೆ ಬಂದು ನಿಂತಿದೆ. ಅವನು ಕೇಳುವ ಮುಂದಿನ ಪ್ರಶ್ನೆ: “ಗೃಹಲಕ್ಷ್ಮಿಗೆ ಅಂತ ಬೇರೆ ಬ್ಯಾಂಕಿನಾಗೆ ಖಾತೆ ತೆರೆದ್ರೇನು?” ಅಜ್ಜಿ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಪಾಸ್‌ಬುಕ್ ತೆಗೆಯುತ್ತಾಳೆ. ಹೊಸ ಖಾತೆ ತೆರೆದಾಗ ಆಧಾರ್ ಅದಕ್ಕೆ ಜೋಡಣೆಯಾಗಿದೆ. ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಣೆಯಾದ ಖಾತೆಗೆ ಹೋಗಿ ಬೀಳುತ್ತದೆ. ಫೋನಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆದು ನೋಡಿದರೆ ನಾಲ್ಕೂ ತಿಂಗಳ ಪಿಂಚಣಿ ಹೊಸ ಖಾತೆಯಲ್ಲೇ ಕೂತಿದೆ. ನಿಲ್ಲಿಸಿದವರು ಯಾರೂ ಇಲ್ಲ. ಇಷ್ಟು ಕಂಡುಹಿಡಿಯಲು ಬೇಕಾದದ್ದು ಹತ್ತು ನಿಮಿಷ, ಒಂದು ಫೋನು, ಯಾವ ಪ್ರಶ್ನೆ ಕೇಳಬೇಕೆಂಬ ತಿಳಿವಳಿಕೆ.

ಎಲ್ಲ ಪ್ರಕರಣವೂ ಇಷ್ಟು ಸಲೀಸಲ್ಲ. ಸಂಧ್ಯಾ ಸುರಕ್ಷಾಕ್ಕೆ 65 ವರ್ಷ ತುಂಬಿರಬೇಕು, ಆದಾಯ ಪ್ರಮಾಣಪತ್ರದಲ್ಲಿ ವರ್ಷದ ಆದಾಯ 32,000 ರೂಪಾಯಿಯ ಮಿತಿಯೊಳಗಿರಬೇಕು. ಆಧಾರ್‌ನಲ್ಲಿ ಜನ್ಮವರ್ಷ ಅಂದಾಜಿಗೆ ಬರೆಸಿದ್ದರೆ ಅರವತ್ತೆಂಟರ ಮುದುಕ ಕಾಗದದಲ್ಲಿ ಐವತ್ತೊಂಬತ್ತು. ಮೊದಲು ಅದರ ತಿದ್ದುಪಡಿ ಆಗಬೇಕು, ಆಮೇಲೆ ಅರ್ಜಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯನ್ನು ಕಳೆಯಬಾರದು. 2011ರ ಸಕಾಲ ಕಾಯ್ದೆಯಡಿ ಎಷ್ಟು ದಿನದಲ್ಲಿ ಕೆಲಸ ಆಗಬೇಕೆಂಬ ಗಡುವು ಇರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಹಾಕಲು ಬೇಕಾಗುವುದು ಆ ಚೀಟಿಯ ಸಂಖ್ಯೆಯೇ.

ಗಿರಣಿ, ಕಾರ್ಖಾನೆಗಳಿಂದ ನಿವೃತ್ತರಾದವರದು ಇನ್ನೊಂದು ತೊಡಕು. ಅವರಿಗೆ ಬರುವುದು ಭವಿಷ್ಯನಿಧಿಯ 1995ರ ಯೋಜನೆಯ ಪಿಂಚಣಿ. 2014ರಲ್ಲಿ ಇದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಅದಾದರೂ ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಈ ಪಿಂಚಣಿದಾರರು ನವೆಂಬರ್‌ವರೆಗೆ ಕಾದು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಬೆರಳಚ್ಚು ಸವೆದವರಿಗೆ ಫೋನಿನಲ್ಲಿ ಮುಖ ಗುರುತಿಸುವ ವಿಧಾನವಿದೆ. ಹಾಸಿಗೆ ಹಿಡಿದ ಹಳೆಯ ಕಾರ್ಮಿಕರ ಮನೆಗೇ ಹೋಗಿ ಇದನ್ನು ಮಾಡಿಸಿಕೊಡುವ ಕೆಲಸವನ್ನು ಹರಿಹರದ ಒಂದು ಯುವಕ ಸಂಘ ಕೈಗೆತ್ತಿಕೊಂಡರೆ, ಅದಕ್ಕಿಂತ ದೊಡ್ಡ ಸೇವೆ ಅದು ಬೇರೆ ಮಾಡಬೇಕಾಗಿಲ್ಲ.

ಕಟ್ಟಡ ಕಾರ್ಮಿಕರಾದರೆ 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆಗ ಕಲ್ಯಾಣ ಮಂಡಳಿಯ ಕಾರ್ಡು ಸಿಗುತ್ತದೆ. ಕಟ್ಟಡದ ಕೆಲಸವನ್ನೇ ಕಂಡಿರದವರಿಗೆ ಕಾರ್ಡು ಮಾಡಿಸಿಕೊಟ್ಟು ದುಡ್ಡು ಮಾಡಿಕೊಳ್ಳುವ ದಲ್ಲಾಳಿಗಳೂ ಇದ್ದಾರೆ. ಅವರ ಕೈಗೆ ಸಿಕ್ಕರೆ ನಿಜವಾದ ಗಾರೆಯವನ ಅರ್ಜಿಯೂ ಅನುಮಾನಕ್ಕೆ ಸಿಲುಕುತ್ತದೆ. ಅಂಗವಿಕಲರ ವಿಷಯಕ್ಕೆ ದಾವಣಗೆರೆಯಲ್ಲಿ ಒಂದು ಅನುಕೂಲವಿದೆ: ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಜನ ಸಿಆರ್‌ಸಿ ಎನ್ನುವುದು, ಇಲ್ಲೇ ಇದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ನಗರದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹಿಡಿಯಿರಿ.

ಕಾನೂನೇ ಕೊಟ್ಟ ಅಧಿಕಾರ

ಸ್ವಯಂಸೇವಾ ಸಂಘಗಳಿಗೆ ಕಾನೂನಿನಲ್ಲೇ ಜಾಗವಿದೆ ಎಂಬುದು ಎಷ್ಟೋ ಸಂಘದವರಿಗೇ ಗೊತ್ತಿಲ್ಲ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯ್ದೆಯನ್ನು ನೋಡಿ. ಮಕ್ಕಳು ಅನ್ನ ಹಾಕದಿದ್ದರೆ ಹೆತ್ತವರು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅವರಿಗೆ ಶಕ್ತಿ ಇಲ್ಲದಿದ್ದರೆ ಅವರ ಒಪ್ಪಿಗೆ ಪಡೆದ ವ್ಯಕ್ತಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಘ ಅವರ ಪರವಾಗಿ ಹಾಕಬಹುದು. ವಕೀಲರನ್ನಿಡಲು ದುಡ್ಡಿಲ್ಲ ಎಂದು ಹಿಂಜರಿಯಬೇಕಾಗಿಲ್ಲ. ನೋಟಿಸು ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು.

ಇದೇ ಕಾಯ್ದೆಯ 23ನೇ ಕಲಂ ಇನ್ನೂ ಮುಖ್ಯ. ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಮಗನಿಗೋ ಮಗಳಿಗೋ ಮನೆ ಬರೆದುಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಗಂಟು ಇರುವುದು ಷರತ್ತಿನಲ್ಲಿ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆಸಿದ್ದರೆ ಆಮೇಲೆ ಪಡಿಪಾಟಲು. ಆದ್ದರಿಂದ ನಿಮ್ಮ ಬಡಾವಣೆಯ ಹಿರಿಯರು ಉಪನೋಂದಣಿ ಕಚೇರಿಗೆ ಹೊರಟಿದ್ದಾರೆಂದು ತಿಳಿದರೆ, ಪತ್ರದಲ್ಲಿ ಷರತ್ತು ಸ್ಪಷ್ಟವಾಗಿ ಬರೆಸಿ ಎಂದು ಒಂದು ಮಾತು ಹೇಳಿ ಕಳಿಸಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

ಮನೆಯೊಳಗಿನ ಹೊಡೆತ-ಬಡಿತದ ವಿಷಯದಲ್ಲಿಯೂ ಹೀಗೆಯೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 10ನೇ ಕಲಂ ಪ್ರಕಾರ ಮಹಿಳೆಯರ ಹಿತರಕ್ಷಣೆಯ ಉದ್ದೇಶವುಳ್ಳ ನೋಂದಾಯಿತ ಸ್ವಯಂಸೇವಾ ಸಂಘ ರಾಜ್ಯ ಸರ್ಕಾರದಲ್ಲಿ ‘ಸೇವಾ ಪೂರೈಕೆದಾರ’ ಎಂದು ಹೆಸರು ಬರೆಸಿಕೊಳ್ಳಬಹುದು. ಹಾಗೆ ಬರೆಸಿಕೊಂಡ ಸಂಘ, ಆ ಹೆಣ್ಣುಮಗಳು ಬಯಸಿದರೆ, ಘಟನೆಯ ವರದಿಯನ್ನು ದಾಖಲಿಸಿ ಮ್ಯಾಜಿಸ್ಟ್ರೇಟರಿಗೂ ರಕ್ಷಣಾಧಿಕಾರಿಗೂ ಕಳಿಸಬಹುದು, ವೈದ್ಯಕೀಯ ತಪಾಸಣೆ ಮಾಡಿಸಬಹುದು, ಆಶ್ರಯಕ್ಕೆ ಸೇರಿಸಬಹುದು. ಕರ್ನಾಟಕದ ಸಾಂತ್ವನ ಕೇಂದ್ರಗಳು ಮೊದಲಿನಿಂದಲೂ ಸ್ವಯಂಸೇವಾ ಸಂಸ್ಥೆಗಳ ಮೂಲಕವೇ ನಡೆದುಬಂದವು. ರಾಜಿ ಪಂಚಾಯ್ತಿ ಮಾಡಿ ‘ಗಂಡ-ಹೆಂಡತಿ ಜಗಳ ಉಂಡು ಮಲಗೋ ತನಕ’ ಎಂದು ವಾಪಸ್ ಕಳಿಸುವ ಸಂಘದ ಹತ್ತಿರ ಮಾತ್ರ ಯಾರನ್ನೂ ಕರೆದೊಯ್ಯಬೇಡಿ. ತುರ್ತಿಗೆ 181 ಅಥವಾ 112.

ಮಕ್ಕಳ ವಿಷಯದಲ್ಲಿ ಕಾನೂನು ಕೊಡುವ ಅಧಿಕಾರಕ್ಕಿಂತ ಹಾಕುವ ಕಟ್ಟುಪಾಡು ಹೆಚ್ಚು, ಹಾಗಿರುವುದೇ ಸರಿ. ದಾವಣಗೆರೆ ರೈಲು ನಿಲ್ದಾಣದಲ್ಲೋ ಹರಿಹರದ ಬಸ್ ನಿಲ್ದಾಣದಲ್ಲೋ ಒಂಟಿ ಮಗು ಸಿಕ್ಕಿತು ಎನ್ನಿ. ಮನೆಗೆ ಕರೆದೊಯ್ದು ಊಟ ಹಾಕಿ, ‘ನಮ್ಮಲ್ಲೇ ಇರಲಿ ಬಿಡಿ’ ಎನ್ನುವುದು ಒಳ್ಳೆಯ ಮನಸ್ಸೇ, ಆದರೆ ಅಪರಾಧವಾಗಬಹುದು. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಲೇಬೇಕು. ಅನಾಥಾಲಯ ನಡೆಸುವವರು ಇದೇ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಮಾಡಿಸಿರಬೇಕು. ಸಂಘ ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಸಾಲದು; ಮಾಡಿಸದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ.

ಮಕ್ಕಳ ಸಹಾಯವಾಣಿ 1098ರ ಕಥೆಯನ್ನೇ ನೋಡಿ. 1996ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಜೆರೂ ಬಿಲಿಮೋರಿಯಾ ಆರಂಭಿಸಿದ ಈ ಸಹಾಯವಾಣಿಯನ್ನು ಊರೂರಲ್ಲಿ ಸ್ವಯಂಸೇವಾ ಸಂಸ್ಥೆಗಳೇ ವರ್ಷಗಟ್ಟಲೆ ನಡೆಸಿದವು. 2023ರಿಂದ ಈಚೆಗೆ ಅದನ್ನು ಸರ್ಕಾರವೇ ವಹಿಸಿಕೊಂಡು 112ರ ಜೊತೆ ಜೋಡಿಸುತ್ತ ಬಂದಿದೆ. ಸಂಖ್ಯೆ ಬದಲಾಗಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿನ ಪಕ್ಕ ಕೂತು ಅದರ ಭಾಷೆಯಲ್ಲಿ ಮಾತಾಡಿಸುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ, ಅಲ್ಲಿ ಈಗಲೂ ಸಂಘದವರೇ ಬೇಕು.

ನೆರೆ ಬಂದಾಗ, ರಕ್ತ ಬೇಕಾದಾಗ

ಗಾಜನೂರಿನ ತುಂಗಾ ಜಲಾಶಯದಿಂದಲೂ ಭದ್ರೆಯಿಂದಲೂ ಒಟ್ಟಿಗೆ ನೀರು ಬಿಟ್ಟರೆ ಹರಿಹರದಲ್ಲಿ ಮೊದಲು ಒದ್ದೆಯಾಗುವುದು ನದಿಯಂಚಿನ ಗಂಗಾನಗರ. ಮನೆಗಳು ಮುಳುಗಿದಾಗ ಆಡಳಿತ ಕಾಳಜಿ ಕೇಂದ್ರ ತೆರೆಯುತ್ತದೆ, ಸಂಘಗಳು ಚಿತ್ರಾನ್ನದ ಪೊಟ್ಟಣ ಹಿಡಿದು ಬರುತ್ತವೆ. ಒಂದೇ ಹೊತ್ತಿಗೆ ನಾಲ್ಕು ಸಂಘಗಳ ಚಿತ್ರಾನ್ನ ಬಂದು, ರಾತ್ರಿ ಊಟಕ್ಕೆ ಯಾರೂ ಇಲ್ಲದಂತಾಗುವುದು ಇಂಥ ಕಡೆ ಮಾಮೂಲಿ. ತಹಶೀಲ್ದಾರರ ಕಚೇರಿಯಲ್ಲಿ ಯಾರು ಯಾವ ಹೊತ್ತಿನ ಊಟ ಎಂದು ಮೊದಲೇ ಹಂಚಿಕೊಳ್ಳಿ. ಅನ್ನಕ್ಕಿಂತ ಬೇಗ ಮರೆತುಹೋಗುವ ವಸ್ತುಗಳು ಸ್ಯಾನಿಟರಿ ಪ್ಯಾಡು, ಒಳಬಟ್ಟೆ, ಸಕ್ಕರೆ ಕಾಯಿಲೆ-ಬಿಪಿಯ ಮಾತ್ರೆ, ಕೂಸಿಗೆ ಹಾಲಿನಪುಡಿ. ನೀರು ಇಳಿದ ಮೇಲೆ ಕೆಸರು ತೋಡುವ ಸಲಿಕೆ, ಬ್ಲೀಚಿಂಗ್ ಪುಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಹಾನಿಯ ಫೋಟೊ ತೆಗೆದಿಟ್ಟು ಪರಿಹಾರದ ಅರ್ಜಿ ಬರೆಸುವ ಇಬ್ಬರು.

ರಕ್ತದಾನ ಶಿಬಿರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಎರಡೂ ಊರಿಗೆ ರೂಢಿಯಾಗಿದೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಒಂದೇ ದಿನ ಇನ್ನೂರು ಬಾಟಲಿ ಸೇರಿಸಿ ದಾಖಲೆ ಎನ್ನುವುದಕ್ಕಿಂತ, ಶೇಖರಿಸಿದ ರಕ್ತಕ್ಕೂ ಅವಧಿ ಇರುವುದರಿಂದ, ಬೇಸಿಗೆ ರಜೆಯಲ್ಲಿ ಕಾಲೇಜುಗಳು ಮುಚ್ಚಿ ರಕ್ತನಿಧಿ ಬರಿದಾಗುವ ಏಪ್ರಿಲ್-ಮೇಯಲ್ಲಿ ಶಿಬಿರ ಇಟ್ಟುಕೊಳ್ಳುವುದು ಜಾಣತನ.

ದುಡ್ಡು ಕೊಡುವ ಮುನ್ನ

ಸಂಘದವರು ರಸೀದಿ ಪುಸ್ತಕ ಹಿಡಿದು ಬಂದಾಗ ನಮಗೆ ನೋಡುವ ರೂಢಿಯಿಲ್ಲ. ನೋಡಿ. ಮೇಲ್ಗಡೆ ಸಂಘದ ನೋಂದಣಿ ಸಂಖ್ಯೆ ಮತ್ತು ವರ್ಷ ಇದೆಯೇ? ರಸೀದಿಗೆ ಕ್ರಮಸಂಖ್ಯೆ ಅಚ್ಚಾಗಿದೆಯೇ, ಅಥವಾ ಪೆನ್ನಿನಲ್ಲಿ ಬರೆದದ್ದೇ? ಪುಸ್ತಕದಲ್ಲಿ ಪ್ರತಿ ಉಳಿಯುತ್ತದೆಯೇ? ಪಾನ್ ಸಂಖ್ಯೆ ಇದೆಯೇ? ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಸಂಘದ ಹೆಸರು ಬರುತ್ತದೆಯೇ, ಖಜಾಂಚಿಯ ಹೆಂಡತಿಯ ಹೆಸರೇ? ಕೊನೆಯ ಪ್ರಶ್ನೆಗೆ ಉತ್ತರ ಸರಿಯಿಲ್ಲದಿದ್ದರೆ ಮಿಕ್ಕದ್ದನ್ನು ಕೇಳಬೇಕಾಗಿಲ್ಲ.

ತೆರಿಗೆ ವಿನಾಯಿತಿಗಾಗಿ ಕೊಡುವವರು ಇನ್ನೂ ಕೆಲವು ವಿಷಯ ಗಮನಿಸಬೇಕು. ನಗದಾಗಿ ಕೊಟ್ಟರೆ 2,000 ರೂಪಾಯಿಯ ಮೇಲಿನ ದಾನಕ್ಕೆ 80ಜಿ ಲಾಭವಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಸಂಘ ಕೈಬರಹದ ರಸೀದಿ ಕೊಟ್ಟರಷ್ಟೇ ಆಗಲಿಲ್ಲ, ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನಿಮ್ಮ ದಾನವನ್ನು ತೋರಿಸಿ ಅಲ್ಲಿಂದ ಪ್ರಮಾಣಪತ್ರ ತೆಗೆದುಕೊಡಬೇಕು. ‘80ಜಿ ಇದೆ’ ಎಂದು ಬೋರ್ಡಿನಲ್ಲಿ ಬರೆಸಿಕೊಂಡವರ ನೋಂದಣಿ ಯಾವ ವರ್ಷದವರೆಗೆ ಇದೆ ಎಂದೂ ಕೇಳಿ, ಈಗ ಅದಕ್ಕೆ ಅವಧಿ ಇದೆ.

ಸರ್ಕಾರದ ಅನುದಾನದಿಂದಲೇ ಬಹುಪಾಲು ನಡೆಯುವ ಸಂಸ್ಥೆಯಾದರೆ ಅದು ಮಾಹಿತಿ ಹಕ್ಕಿನ ವ್ಯಾಪ್ತಿಗೂ ಬರುತ್ತದೆ. 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಹತ್ತು ರೂಪಾಯಿ ಕಟ್ಟಿ ಲೆಕ್ಕ ಕೇಳಬಹುದು. ಅನುದಾನವಿಲ್ಲದ ಸಂಘವಾದರೂ ಅದು ಸಂಘಗಳ ನೋಂದಣಾಧಿಕಾರಿಗೆ ಪ್ರತಿವರ್ಷ ಸಲ್ಲಿಸುವ ಲೆಕ್ಕಪತ್ರ ಆ ಕಚೇರಿಯಲ್ಲಿರುತ್ತದೆ.

ಏಳು ಜನ ಸೇರಿ

ಈಗ ಸಂಘ ಕಟ್ಟುವವರ ವಿಷಯ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಉಪನೋಂದಣಿ ಕಚೇರಿಗೆ ಹೋಗಿ ಕೇಳಿದರೆ ಅವರು ಟ್ರಸ್ಟ್ ಪತ್ರ ಬರೆಸಿಕೊಳ್ಳುತ್ತಾರೆ, ಅದು ಬೇರೆ. ಸಂಘಕ್ಕೆ ಹೋಗಬೇಕಾದದ್ದು ಸಹಕಾರ ಇಲಾಖೆಯಡಿ ಬರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಬಳಿಗೆ. ಹರಿಹರದವರೂ ದಾವಣಗೆರೆಗೇ ಬರಬೇಕು. ಉದ್ದೇಶಪತ್ರ, ನಿಯಮಾವಳಿ, ಏಳೂ ಜನರ ಗುರುತಿನ ಚೀಟಿ, ಕಚೇರಿಯ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ, ಇವು ಮುಖ್ಯ ಕಾಗದಗಳು.

ಟ್ರಸ್ಟ್ ಒಳ್ಳೆಯದೋ ಸಂಘ ಒಳ್ಳೆಯದೋ? ಮನೆತನದ ದುಡ್ಡಿನಲ್ಲಿ ಒಂದು ಶಾಲೆಯೋ ದತ್ತಿಯೋ ನಡೆಸುವುದಾದರೆ ಟ್ರಸ್ಟ್ ಹಗುರ. ಬಡಾವಣೆಯ ಜನರೆಲ್ಲ ಸದಸ್ಯರಾಗಿ, ಚುನಾವಣೆ ನಡೆದು, ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಕೇಳುವಂತಿರಬೇಕಾದರೆ ಸಂಘವೇ ಸರಿ. ಟ್ರಸ್ಟಿನಲ್ಲಿ ಜಗಳ ಕಡಿಮೆ ಎನ್ನುವವರು ಹೇಳುವುದಿಷ್ಟೇ, ಕೇಳುವವರು ಕಡಿಮೆ.

ನಿಯಮಾವಳಿಯನ್ನು ಟೈಪಿಸ್ಟನ ಅಂಗಡಿಯಲ್ಲಿ ಸಿಗುವ ಹಳೆಯ ಪ್ರತಿಯಿಂದ ನಕಲು ಮಾಡಿಸಬೇಡಿ. ಯಾವುದೋ ಕ್ರೀಡಾ ಸಂಘದ ನಿಯಮಗಳು ನಿಮ್ಮ ವೃದ್ಧಾಶ್ರಮಕ್ಕೆ ಬಂದು ಸೇರಿರುತ್ತವೆ. ಪದಾಧಿಕಾರಿಗಳ ಅವಧಿ, ಸದಸ್ಯತ್ವ ರದ್ದಾಗುವ ಬಗೆ, ಬ್ಯಾಂಕ್ ಖಾತೆಗೆ ಯಾವ ಇಬ್ಬರ ಸಹಿ, ಸಭೆಗೆ ಎಷ್ಟು ದಿನದ ನೋಟಿಸು, ಕೋರಂ ಎಷ್ಟು, ಈ ಐದನ್ನು ಕೂತು ಚರ್ಚಿಸಿ ಬರೆಯಿರಿ. ಮುಂದೆ ಒಡಕು ಬಂದಾಗ ಕಚ್ಚಾಟ ಇವುಗಳ ಮೇಲೆಯೇ.

ನೋಂದಣಿ ಆದ ದಿನ ಸಿಹಿ ಹಂಚಿ ಮರೆತುಬಿಡುವುದು ಎಲ್ಲ ಕಡೆ ಇರುವ ಚಾಳಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಲೇಬೇಕು. ಸಭೆಯಾದ 14 ದಿನಗಳಲ್ಲಿ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧಕರು ಸಹಿ ಮಾಡಿದ ಜಮಾ-ಖರ್ಚು ನೋಂದಣಾಧಿಕಾರಿಗೆ ಸಲ್ಲಬೇಕು, ಇದು ಕಾಯ್ದೆಯ 13ನೇ ಕಲಂ. ಐದಾರು ವರ್ಷ ಸಲ್ಲಿಸದೆ, ಅನುದಾನದ ಅರ್ಜಿಗೆ ‘ನವೀಕರಣ’ದ ಪ್ರತಿ ಬೇಕೆಂದಾಗ ಒಟ್ಟಿಗೆ ಓಡಾಡಿ ದಂಡ ಕಟ್ಟುವ ಸಂಘಗಳೇ ಹೆಚ್ಚು. ಆಡಳಿತ ಮಂಡಳಿ ದಾರಿ ತಪ್ಪಿದರೆ ಸದಸ್ಯರೂ ಕೈಕಟ್ಟಿ ಕೂರಬೇಕಿಲ್ಲ: ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿದರೆ 25ನೇ ಕಲಂ ಅಡಿ ವಿಚಾರಣೆ ಕೇಳಬಹುದು.

ಸಂಘ ಮೂರು ವರ್ಷ ನಡೆದು, ಲೆಕ್ಕ ಚೊಕ್ಕಟವಾಗಿದ್ದರೆ ಕಂಪನಿಗಳ ಹಣಕ್ಕೂ ಕೈಹಾಕಬಹುದು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಅದರಲ್ಲಿ ತಮ್ಮ ಘಟಕವಿರುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಗ್ರಾಸಿಂನ ಕಾರ್ಖಾನೆಗಳನ್ನು ಕಾಣುತ್ತಲೇ ಬೆಳೆದ ಹರಿಹರದವರಿಗೆ ಇದನ್ನು ವಿವರಿಸಬೇಕಿಲ್ಲ. ಕಂಪನಿಯ ಹಣ ಪಡೆಯಲು ಬೇಕಾದದ್ದು ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ನೀತಿ ಆಯೋಗದ ದರ್ಪಣ್ ಪೋರ್ಟಲಿನ ಸಂಖ್ಯೆ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನಮೂನೆ. ವಿದೇಶದಲ್ಲಿರುವ ಊರಿನ ಹುಡುಗರು ಅಲ್ಲಿನ ಸಂಬಳದಿಂದ ದುಡ್ಡು ಕಳಿಸುತ್ತೇನೆಂದರೆ ಹಿಗ್ಗಿ ಹಾಗೆಯೇ ಖಾತೆಗೆ ಹಾಕಿಸಿಕೊಳ್ಳಬೇಡಿ. ಭಾರತದ ಪೌರತ್ವವಿದ್ದು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ ಎನಿಸುತ್ತದೆ, ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಪಾಸ್‌ಪೋರ್ಟ್ ಯಾವುದು ಎಂದು ಮೊದಲು ಕೇಳಿ.

ಸಾಮೂಹಿಕ ವಿವಾಹ ಮಾಡಿಸುವ ಸಂಘಗಳಿಗೆ ಒಂದು ಎಚ್ಚರಿಕೆ. ಬಸವ ಜಯಂತಿ, ಅಕ್ಷಯ ತೃತೀಯದ ಮುಹೂರ್ತಕ್ಕೆ ಜೋಡಿಗಳ ಸಂಖ್ಯೆ ಹೆಚ್ಚಿಸುವ ಆತುರದಲ್ಲಿ ವಯಸ್ಸಿನ ದಾಖಲೆ ಸಡಿಲವಾಗುತ್ತದೆ. ವಧುವಿಗೆ 18, ವರನಿಗೆ 21 ತುಂಬಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 11ನೇ ಕಲಂ, ಅಂಥ ಮದುವೆಯನ್ನು ಪ್ರೋತ್ಸಾಹಿಸಿದ ಇಲ್ಲವೇ ನಿರ್ಲಕ್ಷ್ಯದಿಂದ ತಡೆಯದ ಸಂಘ-ಸಂಸ್ಥೆಯ ಸದಸ್ಯರನ್ನೂ ಹಿಡಿಯುತ್ತದೆ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಆಧಾರ್ ಒಂದನ್ನೇ ನಂಬದೆ ಶಾಲೆಯ ದಾಖಲಾತಿ ಅಥವಾ ಜನನ ಪ್ರಮಾಣಪತ್ರ ತರಿಸಿ, ಹದಿನೈದು ದಿನ ಮೊದಲೇ ಜೋಡಿಗಳ ಪಟ್ಟಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಗೆ ಕೊಟ್ಟುಬಿಡಿ. ಮುಹೂರ್ತದ ದಿನ ಮಂಟಪಕ್ಕೆ ಜೀಪು ಬರುವುದು ತಪ್ಪುತ್ತದೆ.

ಕೆಲವು ಸಂಘಗಳು ಮುಚ್ಚಿಹೋಗುತ್ತವೆ, ಅದರಲ್ಲಿ ನಾಚಿಕೆಯಿಲ್ಲ. ಕಟ್ಟಿದವರಿಗೆ ವಯಸ್ಸಾಗುತ್ತದೆ, ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಆಗ ಖಾತೆಯಲ್ಲಿ ಉಳಿದ ದುಡ್ಡು, ಕುರ್ಚಿ-ಮೇಜು, ಶಾಮಿಯಾನ, ಇದ್ದರೆ ಒಂದು ನಿವೇಶನ ಯಾರದು? ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಾಲ ತೀರಿಸಿ ಉಳಿದದ್ದು ಇದೇ ಬಗೆಯ ಉದ್ದೇಶವುಳ್ಳ ಇನ್ನೊಂದು ಸಂಘಕ್ಕೆ ಹೋಗಬೇಕು. ವಿಸರ್ಜನೆಯ ಠರಾವು ನಡವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ನೋಂದಣಾಧಿಕಾರಿಗೆ ಪ್ರತಿ ಕೊಟ್ಟು, ಬ್ಯಾಂಕ್ ಖಾತೆ ಮುಚ್ಚಿದ ಚೀಟಿ ಅದಕ್ಕೆ ಅಂಟಿಸಿಡಿ.